ಸಿಂಗಂನ ರಾಮಲೀಲೆಯಲ್ಲಿ ಶಂಬೂಕ ಎಲ್ಲಿ?

ರೋಹಿತ್ ಶೆಟ್ಟಿಯ ‘ಸಿಂಗಂ ಅಗೇನ್’ 2024ರ ನವೆಂಬರ್ 1ರಂದು, ದೀಪಾವಳಿಯ ಹೊತ್ತಿಗೆ ತೆರೆಗೆ ಬಂತು. ಬರೀ ಗದ್ದಲ, ತಲೆಬುಡವಿಲ್ಲದ ಹೊಡೆದಾಟ, ಸ್ಟಾರುಗಳ ಜಾತ್ರೆ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ನಮಗೆ ಅಷ್ಟು ಸಾಲದು. 2011ರಲ್ಲಿ ಶುರುವಾದ ಒಂದು ಪೊಲೀಸ್ ಸರಣಿ ಹದಿಮೂರು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂತು, ಬರುವ ದಾರಿಯಲ್ಲಿ ಯಾರನ್ನು ಕೈಬಿಟ್ಟಿತು ಎಂಬುದನ್ನು ಕೇಳಬೇಕಾಗಿದೆ.

ಮೂಲ ಕಥೆ ಹಿಂದಿಯದಲ್ಲ. 2010ರಲ್ಲಿ ಹರಿ ತಮಿಳಿನಲ್ಲಿ ‘ಸಿಂಗಂ’ ಮಾಡಿದರು. 2011ರಲ್ಲಿ ಅದೇ ಕಥೆ ಕನ್ನಡದಲ್ಲಿ ಸುದೀಪರ ‘ಕೆಂಪೇಗೌಡ’ ಆಯಿತು, ಹಿಂದಿಯಲ್ಲಿ ಅಜಯ್ ದೇವಗನ್‌ರ ‘ಸಿಂಗಂ’ ಆಯಿತು. ತಮಿಳಿನಲ್ಲೂ ಹಿಂದಿಯಲ್ಲೂ ಖಳ ಪ್ರಕಾಶ್ ರಾಜ್. ಕನ್ನಡದಲ್ಲಿ ರವಿಶಂಕರರ ಆರ್ಮುಗಂ. ಈ ಖಳ ನಮಗೆ ಗೊತ್ತಿರುವವನೇ. ಜನರನ್ನು ಹೆದರಿಸಿ ದುಡ್ಡು ಕೀಳುವವನು, ಅಧಿಕಾರಸ್ಥರನ್ನು ಜೇಬಿನಲ್ಲಿಟ್ಟುಕೊಂಡವನು. ಇಂಥವರಿಲ್ಲದ ತಾಲ್ಲೂಕು ಯಾವುದಿದೆ? ಅವನಿಗೆ ಏಟು ಬಿದ್ದಾಗ ನಮ್ಮ ಕೇರಿಯ ಹುಡುಗರು ಸಿಳ್ಳೆ ಹೊಡೆದರೆ ಅದನ್ನು ದಡ್ಡತನ ಅಂತ ನಾನು ಕರೆಯಲಾರೆ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ದಲಿತ ಹುಡುಗರು ನನ್ನ ತರಗತಿಯಲ್ಲಿದ್ದಾರೆ. ಅಪ್ಪನನ್ನು ‘ಲೇ’ ಅಂತ ಕರೆದ ಠಾಣೆಗೆ ಮಗ ಸಾಹೇಬನಾಗಿ ಹೋಗಬೇಕು ಅನ್ನೋ ಆಸೆ ಸಣ್ಣದಲ್ಲ.

ಆದರೆ ವಿಷ ಮೊದಲ ಚಿತ್ರದಲ್ಲೇ ಇತ್ತು. ಕೊನೆಯಲ್ಲಿ ಪೊಲೀಸರೆಲ್ಲ ಸೇರಿ ಖಳನನ್ನು ಮುಗಿಸುತ್ತಾರೆ. ಕೋರ್ಟು ಕಚೇರಿಯ ಮಾತೇ ಇಲ್ಲ. 2018ರ ‘ಸಿಂಬಾ’ದಲ್ಲಿ ಆರೋಪಿಗಳನ್ನು ಠಾಣೆಯಲ್ಲೇ ಕೊಂದದ್ದಕ್ಕೆ ಸಿಂಗಂನ ಬೆಂಬಲ ಬೇರೆ. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ 2023ರಲ್ಲಿ ‘ಸಿಂಗಂ’ನ ಈ ಕೊನೆಯನ್ನೇ ಹೆಸರಿಸಿ ಇದು ಅಪಾಯಕಾರಿ ಎಂದು ಎಚ್ಚರಿಸಿದ್ದರು. ತೆರೆಯ ಹೊರಗೂ ಇದು ನಡೆದಿದೆ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂವು ಎರಚಿದರು. ಆ ಎನ್‌ಕೌಂಟರ್ ನಿಜವಲ್ಲ, ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದು ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಹೂವು ಬಾಡಿತ್ತು. ವಿಚಾರಣೆಯಿಲ್ಲದ ಶಿಕ್ಷೆಗೆ ಚಪ್ಪಾಳೆ ತಟ್ಟುವಾಗ ಲಾಕಪ್ಪಿನಲ್ಲಿ ಸಾಮಾನ್ಯವಾಗಿ ಕೂತಿರುವವರು ಯಾರು ಎಂದು ನೋಡಬೇಕು. ಅಲ್ಲಿ ಶಿಕ್ರೆಗಳು ಕೂರುವುದಿಲ್ಲ.

ಈಗ ‘ಸಿಂಗಂ ಅಗೇನ್’ಗೆ ಬರೋಣ. ಸಿಂಗಂನ ಹೆಂಡತಿ ಅವನಿ ರಾಮಲೀಲೆ ಆಡಿಸುತ್ತಾಳೆ. ಅವಳ ಅಪಹರಣವಾಗುತ್ತದೆ, ಶ್ರೀಲಂಕಾಕ್ಕೆ ಒಯ್ಯುತ್ತಾರೆ. ಸಿಂಗಂ ರಾಮ, ಸಿಂಬಾ ಹನುಮಂತ. ಉಳಿದ ಪೊಲೀಸರಿಗೂ ಒಂದೊಂದು ಪಾತ್ರ. ರಾವಣನಿಗೆ ಮುಸ್ಲಿಂ ಹೆಸರು, ಭಯೋತ್ಪಾದಕನ ಮೊಮ್ಮಗ ಎಂಬ ಗುರುತು. ಅರ್ಥವಾಗದಿದ್ದೀತು ಎಂಬ ಭಯಕ್ಕೋ ಏನೋ, ಪ್ರತಿ ತಿರುವಿನಲ್ಲೂ ರಾಮಲೀಲೆಯ ರಂಗವನ್ನೇ ತಂದು ತೋರಿಸುತ್ತಾರೆ. ಚಿತ್ರ ಬಡವಾಗಿರುವುದು ಇಲ್ಲಿಯೇ. ಶಿಕ್ರೆಗೆ ಒಂದು ಊರಿತ್ತು, ಅವನಿಗೆ ಬಲಿಯಾದವರಿಗೆ ಮುಖವಿತ್ತು. ಈ ರಾವಣನಿಗೆ ಏನೂ ಇಲ್ಲ. ಸ್ಥಳೀಯ ದಬ್ಬಾಳಿಕೆಗಾರ ಸದ್ದಿಲ್ಲದೆ ತೆರೆಯಿಂದ ಇಳಿದುಹೋದ. ನಮ್ಮ ಸಿಟ್ಟನ್ನು ಸಮುದ್ರದಾಚೆಗೆ ಸಾಗಿಸಲಾಯಿತು.

ಇಲ್ಲೊಂದು ಮಾತು ಕೇಳಲೇಬೇಕು. ರಾಮಾಯಣವನ್ನೇ ತಂದಿರಲ್ಲ, ಶಂಬೂಕನನ್ನು ಎಲ್ಲಿ ಬಿಟ್ಟಿರಿ? ಅವನು ಯಾರನ್ನೂ ಅಪಹರಿಸಲಿಲ್ಲ, ತಪಸ್ಸು ಮಾಡಿದ. ಒಂದು ದೂರು ಬಂತು, ಅರಸ ಬಂದು ಜಾತಿ ಕೇಳಿದ, ತಲೆ ಕಡಿದ. ವಾದವಿಲ್ಲ, ಸಾಕ್ಷಿಯಿಲ್ಲ. ವರ್ಣವ್ಯವಸ್ಥೆ ತನ್ನ ಒಳ್ಳೆಯತನದಿಂದ ನಿಲ್ಲುವಂಥದ್ದಲ್ಲ, ಅದಕ್ಕೆ ದಂಡದ ಬಲ ಬೇಕೇ ಬೇಕು ಎನ್ನುವುದಕ್ಕೆ ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಈ ಕೊಲೆಯನ್ನೇ ಉದಾಹರಿಸಿದರು. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಕಥೆಯನ್ನೇ ತಿರುಗಿಸಿದರು, ಅಲ್ಲಿ ರಾಮನ ಅಸ್ತ್ರ ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಇಷ್ಟೆಲ್ಲ ಆದ ಮೇಲೂ ಖಾಕಿಯನ್ನು ರಾಮನ ಮೈಗೆ ತೊಡಿಸುವುದು ಬರೀ ಕಥೆಗಾರನ ಸೋಮಾರಿತನ ಅಲ್ಲ. ಪೊಲೀಸನನ್ನು ಪ್ರಶ್ನೆಗೆ ಸಿಗದ ಜಾಗದಲ್ಲಿ ಕೂರಿಸುವ ಉಪಾಯ.

ಈ ಚಿತ್ರ ಬರುವುದಕ್ಕೆ 29 ದಿನ ಮೊದಲು, 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಜೈಲಿನೊಳಗೆ ಅಡುಗೆ ಮೇಲ್ಜಾತಿಗೆ, ಕಕ್ಕಸು ಬಳಿಯುವುದು ಕೆಳಜಾತಿಗೆ ಎಂದು ಹಂಚುತ್ತಿದ್ದ ಕೈಪಿಡಿಗಳ ನಿಯಮಗಳನ್ನು ರದ್ದು ಮಾಡಿತು. ರಿಜಿಸ್ಟರಿನ ಜಾತಿ ಕಾಲಂ ತೆಗೆಯಲು ಹೇಳಿತು. ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ತಾಕೀತು ಮಾಡಿತು. ಖಾಕಿಯ ನಿಜವಾದ ಕಥೆ ಇದು. ಹೆಲಿಕಾಪ್ಟರಿನ ಗಾಳಿಯಲ್ಲಿ ಹಾರಿಹೋಗುವಂಥದ್ದಲ್ಲ.

ಹಾಗಾದರೆ ಪೊಲೀಸ್ ಸಿನಿಮಾವೇ ಬೇಡವೆ? ಬೇಕು. 2021ರ ‘ಜೈ ಭೀಮ್’ನಲ್ಲಿ ಲಾಕಪ್ಪಿನಲ್ಲಿ ಕಾಣೆಯಾದ ಗಂಡನಿಗಾಗಿ ಬುಡಕಟ್ಟಿನ ಹೆಣ್ಣುಮಗಳ ಕೈಯಲ್ಲಿರುವುದು ಒಂದು ಹೇಬಿಯಸ್ ಕಾರ್ಪಸ್ ಅರ್ಜಿ, ಅಷ್ಟೇ. ಅಲ್ಲಿಯೂ ಪ್ರಕಾಶ್ ರಾಜ್ ಇದ್ದಾರೆ, ಈ ಸಲ ಪೊಲೀಸ್ ಐಜಿಯಾಗಿ. ಕೋರ್ಟಿನ ಕೆಳಗೆ ನಿಂತು ತನಿಖೆ ಮಾಡುತ್ತಾರೆ, ತಮ್ಮ ಇಲಾಖೆಯವರ ಅಪರಾಧವನ್ನೇ ಹೊರಗೆ ತರುತ್ತಾರೆ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನಮ್ಮ ತಮ್ಮಂದಿರಿಗೆ ನಾನು ಹೇಳುವುದಿಷ್ಟೇ: ಠಾಣೆಗೆ ಖಂಡಿತ ಹೋಗಿ, ಸಾಹೇಬರಾಗಿ. ರಾಮನಾಗಲು ಮಾತ್ರ ಹೋಗಬೇಡಿ. ನಿಮ್ಮ ಲಾಕಪ್ಪಿಗೆ ಮೊದಲು ಬರುವವನು ಶಂಬೂಕನೇ.