ಕ್ಷಿಪಣಿಗೆ ಸಿಕ್ಕ ಎರಡನೇ ನೌಕರಿ

ಅಮೆರಿಕದ ಮೊದಮೊದಲ ಬಾಹ್ಯಾಕಾಶ ರಾಕೆಟ್‌ಗಳ ಬಗ್ಗೆ ಒಂದು ಸಲೀಸಾದ ಮಾತಿದೆ: ಸೇನೆಯ ಬಳಿ ಒಳ್ಳೆಯ ಕ್ಷಿಪಣಿಗಳಿದ್ದವು, ಸಿಡಿತಲೆ ತೆಗೆದು ಆ ಜಾಗದಲ್ಲಿ ಉಪಗ್ರಹ ಕೂರಿಸಿದರು, ಅಷ್ಟೆ. ಇದರಲ್ಲಿ ಅರ್ಧಕ್ಕೆ ಮಾತ್ರ ನನ್ನ ಒಪ್ಪಿಗೆ. ಬಾಹ್ಯಾಕಾಶಕ್ಕೆ ಬಹುಕಾಲ ದುಡಿದವುಗಳಲ್ಲಿ ಮುಖ್ಯವಾದವು ಸೇನೆಗೆ ಬೇಗ ಬೇಡವಾದ ಕ್ಷಿಪಣಿಗಳು.

ಅಟ್ಲಾಸನ್ನೇ ತೆಗೆದುಕೊಳ್ಳಿ. ಕಾನ್ವೇರ್ ಕಂಪನಿಯ ಎಂಜಿನಿಯರ್ ಕರೆಲ್ ಬೊಸಾರ್ಟ್, ತೂಕದ ಮೇಲೆ ಹಗೆ ಸಾಧಿಸುವವರಂತೆ ಅದನ್ನು ರೂಪಿಸಿದರು. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನ ಗೋಡೆ ಒಂದು ಮಿಲಿಮೀಟರಿನ ಆಸುಪಾಸು, ಕೆಲವೆಡೆ ಅದಕ್ಕೂ ತೆಳು. ಒಳಗೆ ಆಧಾರದ ಚೌಕಟ್ಟಿಲ್ಲ. ತುಂಬಿದ ಒತ್ತಡವೇ ಅದನ್ನು ನೆಟ್ಟಗೆ ನಿಲ್ಲಿಸಬೇಕು. 1963ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಲ್ಲಿ ಒತ್ತಡ ಇಳಿದದ್ದೇ ತಡ, ಒಂದು ಅಟ್ಲಾಸ್ ನಿಂತಲ್ಲೇ ಮುದುರಿ, ಮೇಲಿದ್ದ ಅಜೆನಾ ಹಂತದ ಸಮೇತ ಕುಸಿದುಬಿತ್ತು. ಅಟ್ಲಾಸ್ ರೂಪಿಸುವ ಕಾಲಕ್ಕೆ, ಆಕಾಶದಲ್ಲಿ ಎಂಜಿನ್ ಹೊತ್ತಿಕೊಳ್ಳುತ್ತದೆಂಬ ನಂಬಿಕೆ ಇರಲಿಲ್ಲ. ಹಾಗಾಗಿ ಮೂರೂ ಎಂಜಿನ್‌ಗಳನ್ನು ನೆಲದಲ್ಲೇ ಹೊತ್ತಿಸಿ, ದಾರಿಯಲ್ಲಿ ಎರಡನ್ನು ಕಳಚಿ ಹಾಕುತ್ತಿದ್ದರು. ಟ್ಯಾಂಕು ಮಾತ್ರ ಕೊನೆಯವರೆಗೂ ಜೊತೆಗೇ. 1958ರ ಡಿಸೆಂಬರಿನಲ್ಲಿ ಇಡೀ ಅಟ್ಲಾಸೇ ಕಕ್ಷೆ ಸೇರಿ, ಅಧ್ಯಕ್ಷ ಐಸೆನ್‌ಹೋವರ್ ಅವರ ಕ್ರಿಸ್‌ಮಸ್ ಸಂದೇಶ ಬಿತ್ತರಿಸಿತು. ಸುಮಾರು ನಾಲ್ಕು ಟನ್ ತೂಕದ ಉಪಗ್ರಹವೆಂಬ ಹೆಗ್ಗಳಿಕೆ. ಅದರಲ್ಲಿ ಬಹುಪಾಲು ಖಾಲಿ ಟ್ಯಾಂಕು!

ಆಯುಧವಾಗಿ ಇದರ ದೊಡ್ಡ ಕೊರತೆ ದ್ರವ ಆಮ್ಲಜನಕ. ಅದನ್ನು ತುಂಬಿಟ್ಟು ತಿಂಗಳುಗಟ್ಟಲೆ ಕಾಯುವಂತಿಲ್ಲ, ಹಾರಿಸುವ ಹೊತ್ತಿಗೇ ತುಂಬಬೇಕು. ಪರಮಾಣು ಯುದ್ಧದಲ್ಲಿ ಅದಕ್ಕೆ ಹಿಡಿಯುವ ಕಾಲು ಗಂಟೆಯೇ ಮಾರಕ. ಗುಂಡಿ ಒತ್ತಿದೊಡನೆ ಹಾರುವ, ಘನ ಇಂಧನದ ಮಿನಿಟ್‌ಮನ್ ಬಂದಿತು. 1965ಕ್ಕೆ ಅಟ್ಲಾಸ್ ಸೇನೆಯ ಕೆಲಸದಿಂದ ನಿವೃತ್ತ. ಉಪಗ್ರಹಕ್ಕಾದರೋ ಅಂಥ ಅವಸರವಿಲ್ಲ. ತೂಕದ ಉಳಿತಾಯವೇ ಲಾಭ. ಹಾಗೆಂದು ಅದು ಇದ್ದಂತೆಯೇ ಸಾಕಾಗಲಿಲ್ಲ. 1960ರ ಜುಲೈನಲ್ಲಿ, ಮನುಷ್ಯನನ್ನು ಒಯ್ಯಲೆಂದು ಮಾಡಿದ ಮರ್ಕ್ಯುರಿ ಕೋಶ ಹೊತ್ತ ಅಟ್ಲಾಸ್ ಒಂದು ನಿಮಿಷದೊಳಗೇ ಛಿದ್ರವಾಯಿತು. ಮುಂದಿನ ಹಾರಾಟಕ್ಕೆ ಟ್ಯಾಂಕಿನ ಮೇಲ್ಭಾಗಕ್ಕೆ ಉಕ್ಕಿನ ಪಟ್ಟಿ ಬಿಗಿದರು, ಆಮೇಲಿನವಕ್ಕೆ ತಗಡನ್ನೇ ದಪ್ಪ ಮಾಡಿದರು. 1962ರ ಫೆಬ್ರುವರಿ 20ರಂದು ಜಾನ್ ಗ್ಲೆನ್ ಭೂಮಿ ಸುತ್ತಿದ್ದು ಇಂಥ ರಿಪೇರಿಗಳ ಬಲದಿಂದ.

ಥಾರ್ ಕ್ಷಿಪಣಿಯದೂ ಇದೇ ಜಾತಕ. ತಾತ್ಕಾಲಿಕ ಏರ್ಪಾಡೆಂದು ಅದರ ಮೇಲೆ ಕಟ್ಟಿದ ಡೆಲ್ಟಾ ರಾಕೆಟ್ಟಿನ ವಂಶ 2018ರಾಚೆಗೂ ಹೆಸರು ಉಳಿಸಿಕೊಂಡಿತು.

ಟೈಟನ್-2 ಇದಕ್ಕೆ ಅಪವಾದ. ಇಂಧನ ತುಂಬಿಟ್ಟೇ ಕಾಯಬಲ್ಲ, ಸೇನೆ ಮೆಚ್ಚಿದ ಕ್ಷಿಪಣಿ. ಜೆಮಿನಿ ಯಾನಿಗಳನ್ನು ಹೊರುವ ಪ್ರಶ್ನೆ ಬಂದಾಗ ಮಾತ್ರ ಅದರ ಉದ್ದದ ದಿಕ್ಕಿನ ನಡುಕ ತಲೆನೋವಾಯಿತು. ಸಿಡಿತಲೆ ಸಹಿಸುವ ಕುಲುಕಾಟವನ್ನು ಮನುಷ್ಯ ಸಹಿಸಲಾರ; ಇಂಧನದ ಕೊಳವೆಗಳನ್ನೇ ಮಾರ್ಪಡಿಸಬೇಕಾಯಿತು.

ಈ ಕ್ಷಿಪಣಿ ನಂಟನ್ನು ತಪ್ಪಿಸಿಕೊಳ್ಳಲು ಐಸೆನ್‌ಹೋವರ್ ಸರ್ಕಾರ ಯತ್ನಿಸದೇ ಇರಲಿಲ್ಲ. ಮೊದಲ ಉಪಗ್ರಹಕ್ಕೆ ಆರಿಸಿದ್ದು, ಸಂಶೋಧನಾ ರಾಕೆಟ್‌ನಿಂದ ಬೆಳೆಸಿದ ವ್ಯಾನ್‌ಗಾರ್ಡನ್ನು. ಅತ್ತ ಸೇನೆಯ ವರ್ನರ್ ಫಾನ್ ಬ್ರೌನ್ ತಂಡದ, ಕ್ಷಿಪಣಿಯಿಂದಲೇ ಬಂದ ಜುಪಿಟರ್-ಸಿ 1956ರ ಸೆಪ್ಟೆಂಬರಿನಲ್ಲೇ ಸಾವಿರ ಕಿಲೋಮೀಟರಿಗೂ ಮೇಲೇರಿತ್ತು, ನಾಲ್ಕನೇ ಹಂತದಲ್ಲಿ ಇಂಧನವಿಲ್ಲದೆ; ಇದ್ದಿದ್ದರೆ ಕಕ್ಷೆಯನ್ನೇ ಸೇರಬಹುದಿತ್ತು. ವ್ಯಾನ್‌ಗಾರ್ಡ್ 1957ರ ಡಿಸೆಂಬರ್ 6ರಂದು ವೇದಿಕೆಯ ಮೇಲೇ ಸುಟ್ಟುಹೋದ ಮೇಲೆ, ಎಂಟು ವಾರಗಳಲ್ಲಿ ಫಾನ್ ಬ್ರೌನ್ ರಾಕೆಟ್ಟೇ ಎಕ್ಸ್‌ಪ್ಲೋರರ್-1 ಹೊತ್ತೊಯ್ದಿತು. ನಾಗರಿಕ ಮುಖ ಬೇಕೆಂಬ ಆಸೆಯನ್ನು ನಾನು ಹಳಿಯಲಾರೆ. ಆದರೆ ಅದಕ್ಕೆ ತೆತ್ತ ಬೆಲೆ ಸೋವಿಯತ್ ಸ್ಪುಟ್ನಿಕ್‌ಗೆ ಬಿಟ್ಟುಕೊಟ್ಟ ಮೊದಲ ಸ್ಥಾನ.

ಸೇನೆ ಕೈಬಿಟ್ಟ ಅಟ್ಲಾಸ್‌ಗಳನ್ನು ಗುಜರಿಗೆ ಹಾಕಲಿಲ್ಲ. ಉಗ್ರಾಣದಲ್ಲಿಟ್ಟು, ಬೇಕಾದಾಗ ತೆಗೆದು, ದುರಸ್ತಿ ಮಾಡಿ ಹಾರಿಸಿದರು. ಅವುಗಳಲ್ಲಿ ಕೊನೆಯದು 1995ರ ಮಾರ್ಚಿನಲ್ಲಿ ಸೇನೆಗೇ ಒಂದು ಹವಾಮಾನ ಉಪಗ್ರಹ ಹೊತ್ತೊಯ್ದಿತು.