ವಾರ್ಡಿನಿಂದ ಬಂದ ಮೇಲೆ

ಚರ್ಚಿನ ಸಭಾಪಾಲಕರಾಗುವವರ ಆಪ್ತಸಮಾಲೋಚನೆ ತರಬೇತಿಯಲ್ಲಿ ನನಗೆ ಬಹಳ ಹಿಡಿಸುವುದು 'ವರ್ಬೇಟಿಮ್'. ರೋಗಿಯೊಡನೆ ಆಡಿದ ಮಾತನ್ನು ವಾರ್ಡಿನಿಂದ ಬಂದ ಮೇಲೆ ನೆನಪಿನಿಂದ ಸಾಲುಸಾಲಾಗಿ ಬರೆಯಬೇಕು. ಮೌನ, ತಡವರಿಕೆ ಯಾವುದನ್ನೂ ಬಿಡುವಂತಿಲ್ಲ. ರೋಗಿಯ ಹೆಸರು ಮಾತ್ರ ಬೇಡ. ಆಮೇಲೆ ಗುರುಗಳೂ ಸಹಪಾಠಿಗಳೂ ಕೂತು ಕೆದಕುತ್ತಾರೆ: "ಆಕೆ ಮಗನ ಮಾತೆತ್ತಿದ್ದೇ ನೀನೇಕೆ ಪ್ರಾರ್ಥನೆ ಶುರುಮಾಡಿದೆ?" ಪಾಪ, ಪರೀಕ್ಷೆ ರೋಗಿಯದ್ದಲ್ಲ, ಕೇಳಿಸಿಕೊಂಡವನದ್ದು.

ಇಂಥ ತರಬೇತಿಗೆಂದು ದೇವಶಾಸ್ತ್ರದ ವಿದ್ಯಾರ್ಥಿಗಳನ್ನು 1925ರಲ್ಲಿ ಅಮೆರಿಕದ ವೂಸ್ಟರ್ ಮಾನಸಿಕ ಆಸ್ಪತ್ರೆಗೆ ಕರೆತಂದವರು ಆಂಟನ್ ಬೋಯ್ಸನ್. ಸ್ವತಃ ಮನೋರೋಗದಿಂದ ನರಳಿ ಎದ್ದವರು. ಬರೆದಿಡುವ ಈ ಪದ್ಧತಿಯನ್ನು ಬೆಳೆಸಿದವರು ರಸೆಲ್ ಡಿಕ್ಸ್.

ನಮ್ಮಲ್ಲಿ ಕೋಲಾರದ ಇ.ಟಿ.ಸಿ.ಎಂ.ನಂಥ ಆಸ್ಪತ್ರೆಗೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬಂದವರು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಅಳುತ್ತಾರೆ. ಆ ಕಲಬೆರಕೆಯನ್ನು ತಿದ್ದದೆ ಹಾಗೇ ಬರೆಯುವವನು ಒಳ್ಳೆಯ ವಿದ್ಯಾರ್ಥಿ. ತೆಲುಗು ಬಾರದ ಸಹಪಾಠಿಗೆ ಪಕ್ಕದವರು ಬಿಡಿಸಿ ಹೇಳಿದರಾಯಿತು.