‘ಮೆಣಸಿನ ರಾಣಿ’: ಒಂದು ಬಿರುದಿನ ಮರುಪರಿಶೀಲನೆ

ನೆಲದ ಸಂಪತ್ತೇ ಒಂದು ಪ್ರದೇಶವನ್ನು ಜಗದ್ವ್ಯಾಪಾರದ ಒಡೆತನಕ್ಕೆ ಏರಿಸುತ್ತದೆ ಎಂಬ ವಾದ ಪ್ರಚಲಿತವಾಗಿದೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಘಟ್ಟದ ಮೆಣಸು ಗೇರುಸೊಪ್ಪೆಯಿಂದ ಶರಾವತಿಯ ಮೂಲಕ, ಮಿರ್ಜಾನದಿಂದ ಅಘನಾಶಿನಿಯ ಮೂಲಕ ಕಡಲು ಸೇರುತ್ತಿತ್ತು. ವಿಜಯನಗರಕ್ಕೆ ಬೇಕಾದ ಅರಬ್ಬೀ ಕುದುರೆಗಳು ಈ ತೀರದಲ್ಲಿ ಇಳಿಯುತ್ತಿದ್ದವು. ಸರಕಿತ್ತು, ಪೇಟೆಯಿತ್ತು, ನವಾಯತರಂಥ ನುರಿತ ವರ್ತಕರಿದ್ದರು. ಇಲ್ಲದಿದ್ದುದು ಕಡಲದಾರಿಯ ಮೇಲಿನ ಅಧಿಕಾರ.

ಪೋರ್ಚುಗೀಸರು ಹಿಡಿದದ್ದು ಬೆಳೆಯನ್ನಲ್ಲ, ದಾರಿಯನ್ನು. ‘ಕರ್ತಾಜ್’ ಎಂಬ ರಹದಾರಿಯಿಲ್ಲದ ಹಡಗುಗಳನ್ನು ಅವರು ವಶಪಡಿಸಿಕೊಳ್ಳುತ್ತಿದ್ದರು. 1542ರಲ್ಲಿ ಭಟ್ಕಳ ಅವರ ದಾಳಿಗೆ ತುತ್ತಾಯಿತು. 1569ರಲ್ಲಿ ಹೊನ್ನಾವರದ ಕೋಟೆ ಅವರ ಕೈಸೇರಿತು. ಈ ನಡುವೆ 1565ರ ಸೋಲಿನಿಂದ ವಿಜಯನಗರವೆಂಬ ಪೇಟೆಯೂ ಕುಸಿಯಿತು.

ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರಿತ್ತ ‘ಮೆಣಸಿನ ರಾಣಿ’ ಎಂಬ ಹೆಸರನ್ನು ನಮ್ಮ ಬರಹಗಳು ಹೆಮ್ಮೆಯಿಂದ ಪುನರುಚ್ಚರಿಸುತ್ತವೆ. ಆದರೆ ಅದು ಕೊಳ್ಳುವವನ ದೃಷ್ಟಿ. ಆಳಿದವಳನ್ನು ಅದು ಸರಕಿನಿಂದ ಗುರುತಿಸುತ್ತದೆ. ಆಕೆಯ ರಾಜನೀತಿ ಅದರಲ್ಲಿ ಮರೆಯಾಗುತ್ತದೆ.

ಆಡುಮಾತು ಬೇರೊಂದು ಸಾಕ್ಷ್ಯ ನುಡಿಯುತ್ತದೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಅಮೆರಿಕದ ಕಾಯಿ ‘ಮೆಣಸು’ ಎಂಬ ಹೆಸರನ್ನೇ ತನ್ನದಾಗಿಸಿಕೊಂಡಿತು. ಘಟ್ಟದ ಹಳೆಯ ಮೆಣಸು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣ ಹೊತ್ತು ನಿಲ್ಲಬೇಕಾಯಿತು. ದಾರಿಯ ಒಡೆತನ ಕೈತಪ್ಪಿದ ಕಥೆಯನ್ನು ಅಡುಗೆಮನೆಯ ಮಾತು ಹೀಗೆ ಉಳಿಸಿಕೊಂಡಿದೆ. ಆದ್ದರಿಂದ ಕರಾವಳಿಯ ಚರಿತ್ರೆಗೆ ಕೋಟೆಯ ದಾಖಲೆಯಷ್ಟೇ ಒಕ್ಕಲಿನ ನುಡಿಯೂ ಆಕರವಾಗಬೇಕು.